ಹುದ್ದೆ ಖಾಲಿ ಇದೆ, ಆದರೆ ವೀಸಾ ಇಲ್ಲ

ತಂಗಿ, ನಿನ್ನ ಪ್ರಶ್ನೆ ಎರಡು. ಇಂಗ್ಲೆಂಡಿನಲ್ಲಿ ಕೇರ್ ಕೆಲಸಕ್ಕೆ, ಅಂದರೆ ವಯಸ್ಸಾದವರ, ಕೈಲಾಗದವರ ಆರೈಕೆಗೆ, ಲಕ್ಷಕ್ಕೂ ಜಾಸ್ತಿ ಹುದ್ದೆ ಖಾಲಿ ಇರುವುದು ನಿಜವಾ ಅಂತ ಒಂದು. ಬಿಎಸ್ಸಿ ನರ್ಸಿಂಗ್ ಮುಗಿಸಿ ಮಂಗಳೂರಿನ ಆಸ್ಪತ್ರೆಯಲ್ಲಿ ಇದ್ದೀನಿ, ಏಜೆಂಟ್ ಕೇರ್ ವೀಸಾ ಮಾಡಿಸಿಕೊಡ್ತೀನಿ ಅಂತಾನೆ, ದುಡ್ಡು ಕಟ್ಟಲಾ ಅಂತ ಇನ್ನೊಂದು.

ಎರಡನೆಯದಕ್ಕೆ ಮೊದಲು ಉತ್ತರ: ಕಟ್ಟಬೇಡ. 2025ರ ಜುಲೈ 22ರಿಂದ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದೇ ನಿಂತಿದೆ. ಆಗಲೇ ಇಲ್ಲಿ ಇಂಗ್ಲೆಂಡಿನಲ್ಲಿ ಇರುವವರು ಕೆಲವು ಷರತ್ತಿನ ಮೇಲೆ ಆ ವೀಸಾಕ್ಕೆ ಬದಲಾಗಬಹುದು, ಅದೂ 2028ರ ಜುಲೈ ತನಕ. ಮಂಗಳೂರಿನಲ್ಲಿ ಕೂತವಳಿಗೆ ಆಗುತ್ತೆ ಅಂತ ಯಾರಾದರೂ ಹೇಳಿದರೆ ಅವನಿಗೆ ಬೇಕಿರುವುದು ನಿನ್ನ ದುಡ್ಡು ಅಷ್ಟೇ.

ಹುದ್ದೆ ಖಾಲಿ ಇರುವುದೂ ನಿಜವೇ. 2024-25ರಲ್ಲಿ ಇಂಗ್ಲೆಂಡಿನ ಸೋಶಿಯಲ್ ಕೇರ್‌ನಲ್ಲಿ ಸುಮಾರು 1,11,000 ಹುದ್ದೆ ಖಾಲಿ ಇದ್ದವು. ಇದು ಅರ್ಥ ಆಗಬೇಕಾದರೆ ಇಲ್ಲಿ ದುಡ್ಡು ಎಲ್ಲಿಂದ ಬರುತ್ತೆ ಅಂತ ನೋಡಬೇಕು. ಊರಲ್ಲಿ ನಮಗೆ ಆಸ್ಪತ್ರೆ, ಆರೈಕೆ ಎಲ್ಲ ಒಂದೇ. ಇಲ್ಲಿ ಹಾಗಲ್ಲ.

ಆಸ್ಪತ್ರೆ, ಡಾಕ್ಟರು, ನರ್ಸು ಇವೆಲ್ಲ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆ. ತೆರಿಗೆ ದುಡ್ಡಿನಲ್ಲಿ ನಡೆಯುತ್ತೆ, ರೋಗಿ ಬಿಲ್ ಕಟ್ಟುವುದಿಲ್ಲ. ಯಾವ ಸರ್ಕಾರ ಬಂದರೂ ಇದಕ್ಕೆ ಕೈಹಾಕಲು ಹೆದರುತ್ತೆ. 2025ರ ಜೂನ್‌ನಲ್ಲಿ ಖರ್ಚಿನ ಲೆಕ್ಕ ಹಾಕಿದಾಗಲೂ ಎನ್‌ಎಚ್‌ಎಸ್‌ಗೆ ಬೆಲೆ ಏರಿಕೆ ಕಳೆದು ವರ್ಷಕ್ಕೆ ಶೇ. 3 ಜಾಸ್ತಿ ಕೊಟ್ಟರು. 2028-29ಕ್ಕೆ ಇಂಗ್ಲೆಂಡಿನ ಎನ್‌ಎಚ್‌ಎಸ್‌ನ ದಿನನಿತ್ಯದ ಖರ್ಚೇ 226 ಬಿಲಿಯನ್ ಪೌಂಡ್ ಆಗುತ್ತೆ.

ಆದರೆ ಅಜ್ಜಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಬಟ್ಟೆ ಹಾಕುವುದು ಎನ್‌ಎಚ್‌ಎಸ್ ಅಲ್ಲ. ಅದು ಸೋಶಿಯಲ್ ಕೇರ್, ಊರಿನ ಕೌನ್ಸಿಲ್ (ನಮ್ಮ ನಗರಸಭೆ ಥರ) ಲೆಕ್ಕಕ್ಕೆ ಬರುತ್ತೆ. 23,250 ಪೌಂಡ್‌ಗಿಂತ ಜಾಸ್ತಿ ಉಳಿತಾಯ ಇದ್ದವರು ಪೂರ್ತಿ ಕೈಯಿಂದಲೇ ಕೊಡಬೇಕು. ಆ ಮೊತ್ತ 2010ರಿಂದ ಹಾಗೇ ಇದೆ, ಒಂದು ಪೌಂಡೂ ಏರಿಲ್ಲ. ಇಲ್ಲದವರಿಗೆ ಕೌನ್ಸಿಲ್ ಕೊಡುತ್ತೆ, ಅದೂ ಖಾಸಗಿ ಕಂಪನಿಗಳಿಗೆ ಗಂಟೆಗೆ ಇಷ್ಟು ಅಂತ ಗುತ್ತಿಗೆ. 2025ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್‌ನಿಂದ 12.21 ಆಯಿತು. ಅದೇ ತಿಂಗಳು ಕೆಲಸದವರ ಸಂಬಳದ ಮೇಲೆ ಮಾಲೀಕರು ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಶೇ. 13.8ರಿಂದ 15 ಆಯಿತು. ಕೌನ್ಸಿಲ್ ಕೊಡುವ ರೇಟು ಅದಕ್ಕೆ ತಕ್ಕಂತೆ ಏರಲಿಲ್ಲ ಅಂತ ಕಂಪನಿಗಳ ಗೋಳು. ಆಮೇಲೆ ಅವರು ಉಳಿಸುವುದು ಎಲ್ಲಿ? ಕೆಲಸದವರ ಸಮಯದಲ್ಲಿ.

ನಾನು ಲೆಸ್ಟರ್‌ನಲ್ಲಿ ಕಮ್ಯುನಿಟಿ ನರ್ಸ್. ಡ್ರೆಸಿಂಗ್ ಬದಲಿಸಲು, ಇನ್ಸುಲಿನ್ ಕೊಡಲು ಮನೆಮನೆಗೆ ಹೋಗುತ್ತೇನೆ, ಹಾಗಾಗಿ ಕೇರ್ ಕೆಲಸದ ಹುಡುಗಿಯರನ್ನು ದಿನಾ ನೋಡುತ್ತೇನೆ. ಬಾಗಿಲ ಪಕ್ಕದ ಪುಟ್ಟ ಡಬ್ಬಿಗೆ ನಂಬರ್ ಒತ್ತಿ ಬೀಗದ ಕೈ ತೆಗೆಯಬೇಕು. ಅಜ್ಜಿಯನ್ನು ಎಬ್ಬಿಸಿ, ಪ್ಯಾಡ್ ಬದಲಿಸಿ, ಮೈ ಒರೆಸಿ, ಮಾತ್ರೆ ಕೊಟ್ಟು, ಗಂಜಿ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ, ಎಲ್ಲವನ್ನೂ ಫೋನಿನಲ್ಲಿ ಬರೆಯಬೇಕು. ಇಷ್ಟಕ್ಕೆ ಅರ್ಧ ಗಂಟೆ. ಅಜ್ಜಿಗೆ ಅವತ್ತು ಮಾತಾಡುವ ಮನಸ್ಸಿದ್ದರೆ ಮುಗಿಯಿತು, ಮುಂದಿನ ಮನೆಗೆ ತಡ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಸಮಯವೂ ಕನಿಷ್ಠ ಕೂಲಿ ಲೆಕ್ಕಕ್ಕೆ ಬರಬೇಕು ಅಂತ ಕಾನೂನೇ ಇದೆ. ಆದರೂ ಅದನ್ನು ನುಂಗುವವರಿದ್ದಾರೆ.

ಇಷ್ಟೇ ಸಂಬಳ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುವಾಗ ಇಲ್ಲಿನವರು ಯಾಕೆ ಬರ್ತಾರೆ ಹೇಳು? 2021-22ರಲ್ಲಿ ಖಾಲಿ ಹುದ್ದೆ 1,65,000 ಮುಟ್ಟಿತ್ತು. ಸರ್ಕಾರ ಸಂಬಳ ಏರಿಸುವ ಬದಲು 2022ರ ಫೆಬ್ರವರಿಯಲ್ಲಿ ವೀಸಾ ಕೊಡಲು ಶುರು ಮಾಡಿತು. ನನ್ನ ಪ್ರಕಾರ ಅದು ಖರ್ಚು ಉಳಿಸುವ ಉಪಾಯ, ಅಷ್ಟೇ. 2023-24 ಒಂದೇ ವರ್ಷದಲ್ಲಿ ಸುಮಾರು 1,05,000 ಜನ ಹೊರಗಿನಿಂದ ಬಂದು ಸೇರಿದರು. ಆಮೇಲೆ ವಲಸೆ ಜಾಸ್ತಿ ಆಯಿತು ಅಂತ ಗಲಾಟೆ. 2024ರ ಮಾರ್ಚ್‌ನಿಂದ ಗಂಡ-ಮಕ್ಕಳನ್ನು ಕರೆತರುವಂತಿಲ್ಲ ಅಂದರು. 2024-25ರಲ್ಲಿ ಬಂದವರು ಸುಮಾರು 50,000ಕ್ಕೆ ಇಳಿದರು. ಕೊನೆಗೆ ಪೂರ್ತಿ ಬಂದ್.

ನಡುವೆ ಸಿಕ್ಕಿಹಾಕಿಕೊಂಡವರು ಬಂದವರೇ. 2022ರ ಜುಲೈಯಿಂದ 2024ರ ಡಿಸೆಂಬರ್ ಒಳಗೆ 470ಕ್ಕೂ ಹೆಚ್ಚು ಕೇರ್ ಕಂಪನಿಗಳ ಸ್ಪಾನ್ಸರ್ ಲೈಸೆನ್ಸ್ (ಹೊರದೇಶದವರನ್ನು ವೀಸಾ ಮೇಲೆ ಕರೆಸುವ ಪರವಾನಗಿ) ರದ್ದಾಯಿತು. ಅವುಗಳ ಕೈಕೆಳಗೆ 39,000ಕ್ಕೂ ಜಾಸ್ತಿ ಜನ ಇದ್ದರು. ಹಾಗಾದಾಗ ಹೊಸ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ನನಗೆ ಗೊತ್ತಿರುವ ಹಾಸನದ ಕಡೆಯ ಹುಡುಗನೊಬ್ಬ ಊರಿನ ಸೈಟು ಮಾರಿ ಬಂದಿದ್ದ. ಬಂದ ಮೇಲೆ ಕಂಪನಿಯಲ್ಲಿ ವಾರಕ್ಕೆ ಎರಡು ದಿನದ ಕೆಲಸವೂ ಇರಲಿಲ್ಲ.

ನೀನು ಬರಬೇಕಾದದ್ದು ನರ್ಸ್ ಆಗಿ. ಆ ವೀಸಾ ಇನ್ನೂ ಇದೆ. ಎನ್‌ಎಚ್‌ಎಸ್‌ನಲ್ಲಿ ಹೊಸ ನರ್ಸುಗಳ ಸಂಬಳದ ದರ್ಜೆಗೆ ಬ್ಯಾಂಡ್ 5 ಅಂತಾರೆ; ಅದರಲ್ಲಿ ಶುರು ಸಂಬಳ 2025-26ಕ್ಕೆ ಇಂಗ್ಲೆಂಡಿನಲ್ಲಿ ವರ್ಷಕ್ಕೆ 31,049 ಪೌಂಡ್. ಆ ವರ್ಷದ ಕನಿಷ್ಠ ಕೂಲಿಯಲ್ಲಿ ವಾರಕ್ಕೆ ಮೂವತ್ತೇಳೂವರೆ ಗಂಟೆ ದುಡಿದರೂ 24,000 ಮುಟ್ಟುತ್ತಿರಲಿಲ್ಲ. ಲೆಸ್ಟರ್‌ನಂಥ ಊರಲ್ಲಿ ಬ್ಯಾಂಡ್ 5ರ ಸಂಬಳಕ್ಕೆ ಜೀವನ ನಡೆಯುತ್ತೆ, ಬೆಲ್‌ಗ್ರೇವ್ ರೋಡಿಗೆ ಹೋದರೆ ಮೆಂತ್ಯ ಸೊಪ್ಪೂ ಸಿಗುತ್ತೆ. ಲಂಡನ್‌ನಲ್ಲಿ ಬಾಡಿಗೆಯೇ ತಿಂದುಹಾಕುತ್ತೆ.

ಆದರೆ ಮೂರು ವರ್ಷದ ಹಿಂದಿನ ಭರಾಟೆ ಈಗಿಲ್ಲ. 2024-25ರಲ್ಲಿ ಹೊರದೇಶದಿಂದ ಹೊಸದಾಗಿ ನೋಂದಾಯಿಸಿದ ನರ್ಸುಗಳು ಹಿಂದಿನ ವರ್ಷಕ್ಕಿಂತ ಶೇ. 30 ಕಡಿಮೆ. 2035ರೊಳಗೆ ಎನ್‌ಎಚ್‌ಎಸ್‌ಗೆ ಹೊರದೇಶದ ನೇಮಕವನ್ನು ಒಟ್ಟು ನೇಮಕದ ಶೇ. 10ಕ್ಕಿಂತ ಕೆಳಗೆ ಇಳಿಸ್ತೀವಿ ಅಂತ ಸರ್ಕಾರ 2025ರ ಜುಲೈನಲ್ಲಿ ಹೇಳಿದೆ. ಇಲ್ಲೇ ಓದಿದ ಹೊಸ ನರ್ಸುಗಳಿಗೇ ಕೆಲಸ ಸಿಗುವುದು ಕಷ್ಟ ಆಗಿದೆ. ಶೇ. 3 ಜಾಸ್ತಿ ಕೊಟ್ಟರೂ ಅದು ಸಂಬಳಕ್ಕೆ, ಔಷಧಿಗೆ, ಆಪರೇಷನ್ನಿಗೆ ಕಾಯುವವರ ಸಾಲು ಕರಗಿಸುವುದಕ್ಕೆ ಹೋಗುತ್ತೆ. ಹೊಸ ಹುದ್ದೆಗೆ ಉಳಿಯುವುದು ಸ್ವಲ್ಪ. ಐಸಿಯು, ಆಪರೇಷನ್ ಥಿಯೇಟರ್, ಡಯಾಲಿಸಿಸ್ ಅನುಭವ ಇದ್ದರೆ ಒಳ್ಳೆಯದು. ಸುಮ್ನೆ ಜನರಲ್ ವಾರ್ಡ್ ಮಾತ್ರ ಅಂದರೆ ಇನ್ನೊಂದು ವರ್ಷ ಅಲ್ಲೇ ಇದ್ದು ಕಲಿತುಕೋ.

ಈಗ ಓಇಟಿಗೆ (ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ) ಕೂರು. ರೈಟಿಂಗ್ ಭಾಗವನ್ನು ಹಗುರ ಮಾಡಬೇಡ. ಸಿಬಿಟಿ (ಕಂಪ್ಯೂಟರ್‌ನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ) ಅಲ್ಲೇ ಬರೆಯಬಹುದು, ಕೆಲಸ ಮಾಡಿ ತೋರಿಸುವ ಆಸ್ಕಿ ಪರೀಕ್ಷೆ ಮಾತ್ರ ಇಲ್ಲಿಗೆ ಬಂದ ಮೇಲೆ. ಎನ್‌ಎಚ್‌ಎಸ್ ಒಪ್ಪಿದ ಪಟ್ಟಿಯಲ್ಲಿರುವ ಏಜೆನ್ಸಿಗಳು ಕೆಲಸ ಕೊಡಿಸುವುದಕ್ಕೆ ನಿನ್ನಿಂದ ಫೀಸು ತೆಗೆದುಕೊಳ್ಳುವಂತಿಲ್ಲ. ಕೇಳಿದರೆ ಅಲ್ಲಿಗೇ ಬಿಡು. ಆಫರ್ ಬಂದರೆ ಸಹಿ ಹಾಕುವ ಮೊದಲು ನನಗೆ ಕಳಿಸು. ಯಾವ ಟ್ರಸ್ಟು (ಎನ್‌ಎಚ್‌ಎಸ್ ಆಸ್ಪತ್ರೆ ನಡೆಸುವ ಸಂಸ್ಥೆ), ಯಾವ ಬ್ಯಾಂಡು, ಆಸ್ಕಿ ಖರ್ಚು ಯಾರದು, ನಡುವೆ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು ಅನ್ನುವ ಸಾಲುಗಳನ್ನು ಇಬ್ಬರೂ ಕೂತು ನೋಡೋಣ.