ಕೂಳೆ ಹೊಲದಲ್ಲಿ ಮರೆಯಾಗುವ ಹಿಂಡು

ಪ್ರಶ್ನೆ: ಹಿಮ ಬೀಳುವ ನಾಡಿನ ಕೊಯ್ಲಾದ ಹೊಲಗಳಲ್ಲಿ ಗುಬ್ಬಿ ಗಾತ್ರದ ಹಕ್ಕಿಗಳ ಹಿಂಡು ಒಮ್ಮೆಲೇ ಎದ್ದು, ಸುತ್ತು ಹಾಕಿ, ಮತ್ತೆ ಅಲ್ಲೇ ಇಳಿಯುವುದನ್ನು ನೋಡುತ್ತಿದ್ದೇನೆ. ಇಳಿದ ಮೇಲೆ ಒಂದೂ ಕಣ್ಣಿಗೆ ಬೀಳುವುದಿಲ್ಲ. ಇವನ್ನು ಗುರುತಿಸುವುದು ಹೇಗೆ?

ಉತ್ತರ: ಹಕ್ಕಿಗಳು ಅಲ್ಲಿಯೇ ಇರುತ್ತವೆ, ಕೂಳೆಯ ಬುಡದಲ್ಲಿ, ನೇಗಿಲ ಸಾಲಿನ ತಗ್ಗಿನಲ್ಲಿ ಮೈ ತಗ್ಗಿಸಿಕೊಂಡು ಕಾಳು ಹೆಕ್ಕುತ್ತಿರುತ್ತವೆ. ಇಂತಹ ಹಿಂಡಿನಲ್ಲಿ ಹಾರ್ನ್ಡ್ ಲಾರ್ಕ್, ಸ್ನೋ ಬಂಟಿಂಗ್, ಲ್ಯಾಪ್‌ಲ್ಯಾಂಡ್ ಲಾಂಗ್‌ಸ್ಪರ್ ಎಂಬ ಮೂರು ಬಗೆಯ ಹಕ್ಕಿಗಳು ಬೆರೆತಿರುವುದುಂಟು. ಕೊನೆಯ ಎರಡು ಆರ್ಕ್ಟಿಕ್ ಟಂಡ್ರಾದಲ್ಲಿ ಮರಿ ಮಾಡುವಂಥವು. ಮರಗಳಿಲ್ಲದ ಆ ಬಯಲಿಗೆ ಒಗ್ಗಿರುವುದರಿಂದಲೇ ಚಳಿಗಾಲದಲ್ಲೂ ನಾಲ್ಕೂ ದಿಕ್ಕು ತೆರೆದಿರುವ ಹೊಲಗಳನ್ನು ಆರಿಸಿಕೊಳ್ಳುತ್ತವೆ.

ನೆಲದಲ್ಲಿ ಹುಡುಕುವುದಕ್ಕಿಂತ ಹಾರುವಾಗ ನೋಡುವುದು ಸುಲಭ. ರೆಕ್ಕೆಯಲ್ಲಿ ಅಗಲವಾದ ಬಿಳಿ ಪಟ್ಟೆ, ತುದಿಯಲ್ಲಿ ಕಪ್ಪು ಕಂಡರೆ ಅದು ಸ್ನೋ ಬಂಟಿಂಗ್. ಹಿಂಡು ನೆಲದಲ್ಲಿ ಮೇಯುತ್ತಾ ಸಾಗುವಾಗ ಹಿಂದಿನವು ಮುಂದಿನವುಗಳ ತಲೆಯ ಮೇಲಿಂದ ಹಾರಿ ಎದುರಿಗೆ ಇಳಿಯುವುದರಿಂದ ಇಡೀ ಹಿಂಡೇ ಉರುಳಿಕೊಂಡು ಹೋದಂತೆ ಕಾಣುತ್ತದೆ. ಚಳಿಗಾಲದ ಹೊಲ ತೋರಿಸುವ ನೋಟಗಳಲ್ಲಿ ಇದಕ್ಕಿಂತ ಚೆಂದದ್ದನ್ನು ನಾನು ಕಂಡಿಲ್ಲ. ಹಾರ್ನ್ಡ್ ಲಾರ್ಕ್‌ಗೆ ಹೊಟ್ಟೆಯ ಭಾಗ ತಿಳಿ, ಬಾಲ ಕಪ್ಪು, ಮುಖದಲ್ಲಿ ಹಳದಿ ಮತ್ತು ಕಪ್ಪು ಗುರುತು. ಅದು ನೆಲದ ಮೇಲೆ ಕುಪ್ಪಳಿಸದೆ ಹೆಜ್ಜೆ ಹಾಕಿ ನಡೆಯುತ್ತದೆ. ಲಾಂಗ್‌ಸ್ಪರ್‌ಗೆ ಆ ಹೆಸರು ಬಂದದ್ದು ಹಿಂಬೆರಳಿನ ಉದ್ದನೆಯ ಉಗುರಿನಿಂದಾದರೂ ಹೊಲದ ಅಂಚಿನಲ್ಲಿ ನಿಂತವರಿಗೆ ಅದು ಕಾಣದು. ಒಣಗಿದ ಕಾಯಿಯೊಳಗೆ ಬೀಜ ಅಲುಗಿದಂತಹ ಅದರ ಕೂಗನ್ನು ಕಿವಿಗೊಟ್ಟು ಕೇಳುವುದೇ ಸರಿಯಾದ ದಾರಿ.

ಹೊಸದಾಗಿ ಹಿಮ ಬಿದ್ದ ಮರುದಿನ ಹೋಗಿ ನೋಡಿ. ಕಾಳು ಹಿಮದಡಿ ಮುಚ್ಚಿಹೋದಾಗ ಹಕ್ಕಿಗಳು ಗಾಳಿಗೆ ತೆರವಾದ ದಿಬ್ಬಗಳಿಗೆ, ಹಿಮ ಸರಿಸಿದ ರಸ್ತೆಯಂಚಿಗೆ, ಕೊಟ್ಟಿಗೆ ಗೊಬ್ಬರ ಹರಡಿದ ಹೊಲಕ್ಕೆ ಸೇರುತ್ತವೆ. ಗೊಬ್ಬರದಲ್ಲಿ ದನಗಳಿಗೆ ಜೀರ್ಣವಾಗದ ಕಾಳುಗಳು ಉಳಿದಿರುತ್ತವೆ. ಕಾರನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ, ಒಳಗೇ ಕುಳಿತು ದುರ್ಬೀನಿನಿಂದ ನೋಡಿ. ದಯವಿಟ್ಟು ಹಿಂಡನ್ನು ಎಬ್ಬಿಸಲೆಂದು ಹೊಲದೊಳಗೆ ನಡೆಯಬೇಡಿ. ಹಗಲು ಚಿಕ್ಕದಾಗಿರುವ ಆ ದಿನಗಳಲ್ಲಿ ರಾತ್ರಿಯ ಚಳಿಯನ್ನು ದಾಟಲು ಬೇಕಾದ ಕೊಬ್ಬನ್ನು ಅವು ಆಯಾ ದಿನವೇ ತಿಂದು ಕೂಡಿಸಿಕೊಳ್ಳಬೇಕು. ಅನಗತ್ಯವಾದ ಪ್ರತಿಯೊಂದು ಹಾರಾಟವೂ ಅದನ್ನು ಕರಗಿಸುತ್ತದೆ. ಕಾದರೆ ಅವು ತಾವಾಗಿಯೇ ಏಳುತ್ತವೆ, ಇಲ್ಲವೇ ಮರ್ಲಿನ್‌ನಂತಹ ಡೇಗೆ ಬಂದು ಎಬ್ಬಿಸುತ್ತದೆ.

ಪ್ರಶ್ನೆ: ಚಳಿಗಾಲದಲ್ಲಿ ಕಂದು ಛಾಯೆಯಿರುವ ಸ್ನೋ ಬಂಟಿಂಗ್ ಗಂಡು ವಸಂತದಲ್ಲಿ ಅಚ್ಚ ಕಪ್ಪು-ಬಿಳುಪಾಗುವುದು ಗರಿ ಉದುರಿಸಿಯೇ?

ಉತ್ತರ: ಅಲ್ಲ. ಶರತ್ಕಾಲದಲ್ಲಿ ಬಂದ ಹೊಸ ಗರಿಗಳ ತುದಿ ಮಾತ್ರ ಕಂದು. ತಿಂಗಳುಗಟ್ಟಲೆ ಆ ತುದಿಗಳು ಸವೆದು, ಕೆಳಗಿದ್ದ ಬಣ್ಣ ಹೊರಬೀಳುತ್ತದೆ.