ಪೊಳ್ಳಿಲೂರಿನಲ್ಲಿ ಲಾರ್ಡ್ ಮ್ಯಾಕ್ಲಿಯಡ್ ಸೆರೆಸಿಕ್ಕನೇ?

ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ಮ್ಯಾಕ್ಲಿಯಡ್ ಕಂಚಿಯ ಬಳಿಯ ಪೊಳ್ಳಿಲೂರಿನ ಕದನದಲ್ಲಿ ಹೈದರಾಲಿಗೆ ಸೆರೆಸಿಕ್ಕು ಶ್ರೀರಂಗಪಟ್ಟಣಕ್ಕೆ ಬಂದಿದ್ದನೇ, ಆಮೇಲೆ ಮಂಗಳೂರಿಗೂ ಅವನೇ ಬಂದನೇ ಎಂದು ಕೇಳಿದ್ದೀರಿ. ಎರಡೂ ಇಲ್ಲ.

ಲಾರ್ಡ್ ಮ್ಯಾಕ್ಲಿಯಡ್ ಎಂಬುದು ಬಿರುದು, ಅವನ ಹೆಸರು ಜಾನ್ ಮೆಕೆಂಜಿ. ಸ್ಕಾಟ್‌ಲೆಂಡಿನ ಕ್ರೊಮಾರ್ಟಿಯ ಅರ್ಲ್‌ನ ಹಿರಿಮಗ. ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಬ್ರಿಟನ್ನಿನ ಸಿಂಹಾಸನಕ್ಕೆ ತರಲು ನಡೆದ 1745ರ ಜಾಕೊಬೈಟ್ ದಂಗೆಯಲ್ಲಿ ಅಪ್ಪನ ಜೊತೆ ಸೇರಿದ. ದಂಗೆಕೋರರು ಸೋತ ಕಲೋಡನ್ ಕದನದ ಹಿಂದಿನ ದಿನವೇ ಡನ್‌ರಾಬಿನ್‌ನಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಕ್ಷಮೆ ಸಿಕ್ಕಿತು, ಆಸ್ತಿ ಹೋಯಿತು. ಮುಂದೆ ಸ್ವೀಡನ್ ಸೈನ್ಯದಲ್ಲಿ ದಶಕಗಳ ಸೇವೆ. ಊರಿಗೆ ಮರಳಿ 1778ರಲ್ಲಿ 73ನೇ ಹೈಲ್ಯಾಂಡ್ ರೆಜಿಮೆಂಟ್ ಕಟ್ಟಿ, 1780ರಲ್ಲಿ ಮದ್ರಾಸಿಗೆ ಬಂದಿಳಿದ.

ಗೊಂದಲ ಹುಟ್ಟುವುದು ಇಲ್ಲೇ. ಪೊಳ್ಳಿಲೂರು ಕದನ ನಡೆದ 1780ರ ಸೆಪ್ಟೆಂಬರ್ 10ರಂದು ಅವನು ಬ್ರಿಟಿಷ್ ಸೇನಾಪತಿ ಹೆಕ್ಟರ್ ಮನ್ರೋ ಜೊತೆ ಕಂಚಿಯ ಕಡೆ ಇದ್ದ. ಪೊಳ್ಳಿಲೂರಿನಲ್ಲಿ ಹೈದರಾಲಿಯ ಎದುರು ಸೋತ ಕರ್ನಲ್ ವಿಲಿಯಂ ಬೇಲಿಯ (Baillie) ನೆರವಿಗೆ ಕಳಿಸಿದ ಪಡೆಯಲ್ಲಿ ಅವನ ರೆಜಿಮೆಂಟಿನ ಎರಡು ಕಂಪನಿಗಳಷ್ಟೇ ಇದ್ದವು: ಗ್ರೆನೇಡಿಯರ್ ಮತ್ತು ಲೈಟ್. ಅವುಗಳ ಜೊತೆಗಿದ್ದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಸೆರೆಸಿಕ್ಕು 1784ರವರೆಗೆ ಶ್ರೀರಂಗಪಟ್ಟಣದಲ್ಲಿದ್ದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿರುವ ಈ ಕದನದ ಗೋಡೆಚಿತ್ರದಲ್ಲಿ ಪಲ್ಲಕ್ಕಿಯಲ್ಲಿ ಕೂತವನು ಬೇಲಿ. ಪಕ್ಕದಲ್ಲೇ ಮದ್ದಿನ ಗಾಡಿ ಸಿಡಿಯುತ್ತಿರುತ್ತದೆ. ದಯವಿಟ್ಟು ಅವನನ್ನು ಮ್ಯಾಕ್ಲಿಯಡ್ ಎಂದು ಬರೆಯಬೇಡಿ.

ಮಂಗಳೂರು ಮುತ್ತಿಗೆಯ ಕಾಲದ ಜನರಲ್ ಮ್ಯಾಕ್ಲಿಯಡ್ ಬೇರೆಯೇ, ಅವನು ನಾರ್ಮನ್, ಮ್ಯಾಕ್ಲಿಯಡ್ ಕುಲದ ಮುಖಂಡ. ದಾಖಲೆ ಹುಡುಕುವಾಗ ಇನ್ನೊಂದು ಗಮನಿಸಿ: 1786ರಲ್ಲಿ 73ನೇ ರೆಜಿಮೆಂಟಿನ ಸಂಖ್ಯೆ 71 ಆಯಿತು. ಹಳೆಯ ಆಸ್ತಿ 1784ರಲ್ಲಿ, 19,000 ಪೌಂಡ್ ಕಟ್ಟಿದ ಮೇಲೆ ಲಾರ್ಡ್ ಮ್ಯಾಕ್ಲಿಯಡ್‌ಗೆ ಮರಳಿ ಸಿಕ್ಕಿತು, 1789ರಲ್ಲಿ ತೀರಿಕೊಂಡ.