ಮನೆಯ ಜಪ್ತಿಗೆ ತಡೆ ಕೋರುವುದು ಎಲ್ಲಿ?

ಪ್ರಶ್ನೆ: ಸಾಲದ ಕಂತು ಬಾಕಿ ಉಳಿದಿದ್ದರಿಂದ ಬ್ಯಾಂಕಿನವರು ನಮ್ಮ ಮನೆಯ ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿದ್ದಾರೆ. ಇಲ್ಲಿಯ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಸಾಲ ಬಾಕಿಯಾದಾಗ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ತಾನೇ ಸ್ವಾಧೀನಪಡಿಸಿಕೊಳ್ಳಲು ಅವಕಾಶ ನೀಡುವ 2002ರ ಸರ್ಫೇಸಿ ಕಾಯ್ದೆಯ 34ನೇ ಕಲಮು ಇಂಥ ಪ್ರಕರಣಗಳಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು ನಿರ್ಬಂಧಿಸಿರುವುದರಿಂದ, ಅಲ್ಲಿ ದಾವೆ ಹೂಡಿ ದಿನಗಳನ್ನು ಕಳೆದುಕೊಳ್ಳಬೇಡಿರಿ. ಸ್ವಾಧೀನದ ಕ್ರಮ ನಡೆದ 45 ದಿನಗಳೊಳಗೆ 17ನೇ ಕಲಮಿನಡಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ, ಅದರೊಂದಿಗೇ ಮಧ್ಯಂತರ ತಡೆಯಾಜ್ಞೆಯನ್ನೂ ಕೋರಬೇಕು; ಅರ್ಜಿ ಹಾಕಿದ ಮಾತ್ರಕ್ಕೆ ಜಪ್ತಿ ನಿಲ್ಲುವುದಿಲ್ಲ. ಸ್ವಾಧೀನಕ್ಕೆ ಮೊದಲು, 60 ದಿನಗಳೊಳಗೆ ಬಾಕಿ ತೀರಿಸಿರೆಂದು ಬ್ಯಾಂಕು ಕಳಿಸಬೇಕಾದ ಬೇಡಿಕೆ ನೋಟಿಸು ನಿಮಗೆ ತಲುಪಿತ್ತೇ, ಅದಕ್ಕೆ ನೀವು ಆಕ್ಷೇಪಣೆ ಬರೆದಿದ್ದರೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸಿತ್ತೇ ಎಂಬುದನ್ನು ವಕೀಲರೊಂದಿಗೆ ಕುಳಿತು ಪರಿಶೀಲಿಸಿರಿ, ಏಕೆಂದರೆ ನ್ಯಾಯಮಂಡಳಿ ಮುಖ್ಯವಾಗಿ ನೋಡುವುದು ಬ್ಯಾಂಕು ಕಾನೂನಿನಂತೆ ನಡೆದುಕೊಂಡಿದೆಯೇ ಎಂಬುದನ್ನು. ಕೈಲಾದಷ್ಟು ಹಣ ಕಟ್ಟಿ ರಸೀದಿ ಲಗತ್ತಿಸುವುದು ನನ್ನ ಅಭಿಪ್ರಾಯದಲ್ಲಿ ಅತ್ಯಗತ್ಯ. ಹರಾಜಿನ ಪ್ರಕಟಣೆಗೆ ಮೊದಲೇ ಪೂರ್ತಿ ಬಾಕಿಯನ್ನು ಖರ್ಚು ಸಹಿತ ತೀರಿಸಿದರೆ ಬ್ಯಾಂಕು ಮನೆಯನ್ನು ಮಾರುವಂತಿಲ್ಲ.